ಬುತ್ತಿಗಂಟಿನ ಕಟ್ಟುಪಾಡು

ಕಳೆದ ವರ್ಷ ಧಾರವಾಡದಲ್ಲಿ ನಮ್ಮ ಸಂಬಂಧಿಕರೊಬ್ಬರ ಮದುವೆ. ಮೊದಲ ಪಂಕ್ತಿಗೆ ಎಲೆ ಹಾಕಿ ಆಗಿತ್ತು. ನನ್ನ ಪಕ್ಕದಲ್ಲಿ ಕುಳಿತಿದ್ದ ಮಾವಶಿಯ ಮಗ, ಒಂಬತ್ತು ವರ್ಷದ ಹುಡುಗ, ಎಲೆಗೆ ಏನನ್ನೂ ಬಡಿಸಿಕೊಳ್ಳದೆ ಚೀಲದಿಂದ ಸ್ಟೀಲಿನ ಡಬ್ಬಿಯೊಂದನ್ನು ತೆಗೆದ. ಅದರೊಳಗೆ ಮುರಿದಿಟ್ಟ ಎರಡು ಕಡಕ್ ಜೋಳದ ರೊಟ್ಟಿ, ಶೇಂಗಾ ಚಟ್ನಿಪುಡಿ, ಎರಡು ರಾಗಿ ಉಂಡೆ. ಅವನಿಗೆ ಸೀಲಿಯಾಕ್ ಎಂಬ ಕಾಯಿಲೆ. ಗೋಧಿಯಲ್ಲಿರುವ ಗ್ಲುಟೆನ್ ಎಂಬ ಅಂಶ ಅಷ್ಟಿಷ್ಟು ಹೊಟ್ಟೆಗೆ ಹೋದರೂ ಅವನ ಸಣ್ಣ ಕರುಳಿನ ಒಳಪದರಕ್ಕೆ ಪೆಟ್ಟು ಬೀಳುತ್ತದೆ. ಎದುರು ಸಾಲಿನಲ್ಲಿದ್ದ ಅಜ್ಜಿಯೊಬ್ಬರಿಗೆ ಇದೆಲ್ಲ ಗೊತ್ತಿರಲಿಲ್ಲ. "ಏನೋ ತಮ್ಮಾ, ನಿಮ್ಮ ಮುತ್ತಜ್ಜನ ಗತೆ ಮಡಿ ಹಿಡದೀ ಏನು?" ಎಂದುಬಿಟ್ಟರು. ಪಂಕ್ತಿಯೆಲ್ಲ ನಕ್ಕಿತು. ಹುಡುಗ ಡಬ್ಬಿ ಮುಚ್ಚಿದ. ಮತ್ತೆ ತೆರೆಯಲೇ ಇಲ್ಲ.

ಅಜ್ಜಿಯ ಮಾತಿನಲ್ಲಿ ಕೆಟ್ಟ ಉದ್ದೇಶವಿರಲಿಲ್ಲ. ಅವರು ಪೂರ್ತಿ ತಪ್ಪನ್ನೂ ಹೇಳಲಿಲ್ಲ. ನಮ್ಮ ಮುತ್ತಜ್ಜ ರೈಲಿನಲ್ಲಿ ಪುಣೆಗೆ ಹೊರಟರೆ ಮನೆಯಿಂದ ಕಟ್ಟಿಕೊಂಡು ಹೋದದ್ದನ್ನು ಬಿಟ್ಟು ಬೇರೇನನ್ನೂ ಬಾಯಿಗೆ ಹಾಕುತ್ತಿರಲಿಲ್ಲವಂತೆ. ಅವರ ಡಬ್ಬಿಯಲ್ಲಿಯೂ ರೊಟ್ಟಿ, ಪುಡಿ, ಉಂಡೆಗಳೇ. ಎರಡು ಡಬ್ಬಿಗಳು ನೋಡಲು ಒಂದೇ ಥರ ಕಾಣುತ್ತವೆ. ಎರಡರ ಹಿಂದಿನ ಕಾರಣವೂ ಒಂದೇ ಎಂದು ಜನ ತಿಳಿಯುವುದು ಸಹಜ. ಆದ್ದರಿಂದಲೇ ನಮ್ಮ ಬುತ್ತಿಯ ಚರಿತ್ರೆಯನ್ನು ಸ್ವಲ್ಪ ಬಿಚ್ಚಿ ನೋಡಬೇಕೆನಿಸಿತು.

ನೀರು ಸೋಕದ ರೊಟ್ಟಿ

ಮುತ್ತಜ್ಜನ ಡಬ್ಬಿಯಲ್ಲಿದ್ದದ್ದು ದಶಮಿ. ಉತ್ತರ ಕರ್ನಾಟಕದಲ್ಲಿಯೂ ಮಹಾರಾಷ್ಟ್ರದಲ್ಲಿಯೂ ಹಳಬರಿಗೆ ಇದರ ಪರಿಚಯ ಚೆನ್ನಾಗಿ ಇದೆ. ಹಿಟ್ಟನ್ನು ನೀರಿನ ಬದಲು ಹಾಲಿನಲ್ಲಿ, ಕೆಲವೊಮ್ಮೆ ಬೆಲ್ಲ ಬೆರೆಸಿ, ನಾದಿ ಮಾಡುವ ರೊಟ್ಟಿ ಅದು. ಹಾಲೇ ಏಕೆ ಎಂದರೆ, ಸಂಪ್ರದಾಯದ ಮನೆಗಳ ಲೆಕ್ಕದಲ್ಲಿ ಧಾನ್ಯ, ನೀರು, ಬೆಂಕಿ ಮೂರೂ ಸೇರಿದರೆ ಅದು 'ಮುಸುರೆ'. ಮುಸುರೆಯಾದದ್ದನ್ನು ಎಲ್ಲೆಂದರಲ್ಲಿ ಇಡುವಂತಿಲ್ಲ, ಯಾರೆಂದರವರು ಮುಟ್ಟುವಂತಿಲ್ಲ, ಪ್ರಯಾಣದಲ್ಲಂತೂ ಒಯ್ಯುವಂತಿಲ್ಲ. ಹಾಲಿನಲ್ಲಿ ನಾದಿದ್ದಕ್ಕೆ, ತುಪ್ಪದಲ್ಲಿ ಕರಿದದ್ದಕ್ಕೆ, ಒಣಗಿಸಿ ಹುರಿದದ್ದಕ್ಕೆ ಈ ಕಟ್ಟು ಸಡಿಲ. ಮನೆಯಿಂದ ಮನೆಗೆ ನಿಯಮ ಒಂದಿಷ್ಟು ಬೇರೆಯಾದರೂ ತಿರುಳು ಇದೇ.

ಅವಲಕ್ಕಿ, ಅರಳು, ಚುರುಮುರಿ, ಹುರಿಗಡಲೆ, ತಂಬಿಟ್ಟು ಇವೆಲ್ಲ ಪ್ರಯಾಣದ ತಿಂಡಿಗಳಾದದ್ದು ಈ ಸಡಿಲಿಕೆಯಿಂದ. ಹಳೇ ಮೈಸೂರಿನ ಕಡೆಯ ಹುರಿಹಿಟ್ಟನ್ನೇ ನೋಡಿ. ರಾಗಿಗೆ ನೀರು ಚಿಮುಕಿಸಿ, ಸ್ವಲ್ಪ ಹೊತ್ತು ಬಿಟ್ಟು, ಕಾದ ಬಾಣಲೆಯಲ್ಲಿ ಹುರಿದರೆ ಕಾಳು ಅರಳುತ್ತದೆ. ಅದನ್ನು ಬೀಸಿದರೆ ಹುರಿಹಿಟ್ಟು. ಆಮೇಲೆ ಒಲೆಯೇ ಬೇಡ. ಮಜ್ಜಿಗೆಯಲ್ಲಿಯೋ ಹಾಲು ಬೆಲ್ಲದಲ್ಲಿಯೋ ಕಲಸಿದರೆ ಒಂದು ಹೊತ್ತಿನ ಊಟ. ಹೊಲಕ್ಕೆ ಹೋಗುವವರಿಗೆ, ಸಂತೆಗೆ ನಡೆಯುವವರಿಗೆ ಇದು ಶಾಸ್ತ್ರದ ಪ್ರಶ್ನೆಯೇ ಆಗಿರಲಿಲ್ಲ, ಅನುಕೂಲದ ಪ್ರಶ್ನೆ. ಬೈಲಕುಪ್ಪೆಯಲ್ಲಿ ನೆಲೆಸಿರುವ ಟಿಬೆಟನ್ನರ ಮನೆಗಳಲ್ಲಿ ಕಾಣುವ ತ್ಸಂಪಾ ಕೂಡ ಹುರಿದ ಬಾರ್ಲಿಯ ಹಿಟ್ಟೇ. ಹಿಮಾಲಯದಾಚೆಯವರಿಗೂ ಮೈಸೂರು ಸೀಮೆಯವರಿಗೂ ಒಂದೇ ಉಪಾಯ ಹೊಳೆದಿದೆ.

ಉಪಾಯದ ಗುಟ್ಟು ತೇವಾಂಶದಲ್ಲಿದೆ. ಬೂಷ್ಟು ಬೆಳೆಯಲು, ಅನ್ನ ಹಳಸಲು ನೀರು ಬೇಕು. ಹುರಿದಾಗ, ಕರಿದಾಗ, ಕಾವಲಿಯ ಮೇಲೆ ಕಡಕ್ ಮಾಡಿದಾಗ ಆ ನೀರು ಹಾರಿಹೋಗುತ್ತದೆ. ಚೆನ್ನಾಗಿ ಒಣಗಿದ ಜೋಳದ ರೊಟ್ಟಿ ವಾರಗಟ್ಟಲೆ ಕೆಡುವುದಿಲ್ಲ. ಉಂಡೆಯ ಬೆಲ್ಲದ ಪಾಕ ಇದ್ದ ನೀರನ್ನೂ ಹಿಡಿದಿಟ್ಟುಕೊಳ್ಳುತ್ತದೆ. ಪುಳಿಯೋಗರೆ ಗೊಜ್ಜಿನಲ್ಲಿ ಹುಣಸೆಯ ಹುಳಿ ಮತ್ತು ಉಪ್ಪು ಕಾವಲು ಕಾಯುತ್ತವೆ. ಎಲ್ಲಕ್ಕಿಂತ ಜಾಣತನದ್ದು ನಮ್ಮ ಕಡೆ 'ಬುತ್ತಿ' ಎಂದೇ ಕರೆಯುವ ಮೊಸರನ್ನ. ಬೆಳಿಗ್ಗೆ ಅನ್ನಕ್ಕೆ ಹಾಲು ಹೆಚ್ಚಾಗಿ ಹಾಕಿ, ಮೊಸರು ಒಂದೇ ಚಮಚ ಬೆರೆಸಿ ಕಟ್ಟಿದರೆ, ಮಧ್ಯಾಹ್ನ ಗಂಟು ಬಿಚ್ಚುವ ಹೊತ್ತಿಗೆ ಅದು ತಾನಾಗಿ ಹದವಾದ ಹುಳಿಗೆ ಬಂದಿರುತ್ತದೆ. ಕೆಡುವ ಕ್ರಿಯೆಯನ್ನೇ ಅಡುಗೆಯಾಗಿ ಮಾಡಿಕೊಂಡದ್ದು!

ಮಡಿಯ ನಿಯಮದಲ್ಲೊಂದು ವಿಚಿತ್ರವಿದೆ. ಭತ್ತ ಬೆಳೆದವರು, ನೆನೆಸಿ ಹುರಿದು ಒನಕೆಯಲ್ಲಿ ಕುಟ್ಟಿ ಅವಲಕ್ಕಿ ಮಾಡಿದವರು, ಕಡಲೆ ಹುರಿದವರು ಯಾವ ಜಾತಿಯವರೆಂದು ಮಡಿಯವರು ಹೆಚ್ಚು ವಿಚಾರಿಸುತ್ತಿರಲಿಲ್ಲ. ಒಣಗಿದ್ದು, ಹುರಿದದ್ದು, ಹಣ್ಣು ಹಂಪಲು ಯಾರ ಕೈಯಿಂದ ಬಂದರೂ ನಡೆಯುತ್ತಿತ್ತು. ಅದೇ ಕೈ ಅದೇ ಅವಲಕ್ಕಿಗೆ ನೀರು ಹಾಕಿ ಕೊಟ್ಟರೆ ನಡೆಯುತ್ತಿರಲಿಲ್ಲ. ಎಲ್ಲರ ದುಡಿಮೆಯನ್ನೂ ತೆಗೆದುಕೊಂಡು, ಜೊತೆಗೆ ಕುಳಿತು ಉಣ್ಣುವುದನ್ನು ಮಾತ್ರ ತಪ್ಪಿಸಲು ನೀರಿನ ನಿಯಮ ಬಹಳ ಒದಗಿಬಂತು ಎನ್ನದೆ ವಿಧಿಯಿಲ್ಲ.

ಉಪವಾಸದ ತಟ್ಟೆಯಲ್ಲಿ ಅಮೆರಿಕ

ಊಟಕ್ಕೆ ಕಟ್ಟುಪಾಡು ಹಾಕಿಕೊಂಡು ಅದರೊಳಗೇ ರುಚಿ ಹುಡುಕುವುದು ಕನ್ನಡಿಗರಿಗೆ ಹೊಸತಲ್ಲ. ಎರಡನೇ ಚಾವುಂಡರಾಯನ 'ಲೋಕೋಪಕಾರ' 1025ರಷ್ಟು ಹಿಂದಿನದು. ಅದರಲ್ಲಿ ಅಡುಗೆಗೆಂದೇ ಒಂದು ಭಾಗವಿದೆ. 16ನೇ ಶತಮಾನದ ಆರಂಭದಲ್ಲಿ ಮೂರನೇ ಮಂಗರಸ 'ಸೂಪಶಾಸ್ತ್ರ'ವನ್ನು ಷಟ್ಪದಿಯಲ್ಲಿ ಬರೆದ. ಮಂಗರಸ ಜೈನ. ಅವನ ಪುಸ್ತಕದಲ್ಲಿ ಮಾಂಸದ ಮಾತೇ ಇಲ್ಲ, ಹಿಟ್ಟಿನ ತಿಂಡಿಗಳಿಗೇ ಪ್ರತ್ಯೇಕ ಅಧ್ಯಾಯವಿದೆ. ಜೈನ ಗೃಹಸ್ಥರಿಗೆ ಸೂರ್ಯಾಸ್ತವಾದ ಮೇಲೆ ಊಟವಿಲ್ಲ, ನೆಲದಡಿಯ ಗೆಡ್ಡೆಗಳನ್ನು ಅನೇಕರು ಮುಟ್ಟುವುದಿಲ್ಲ. ಶ್ರವಣಬೆಳಗೊಳಕ್ಕೆ ದೂರದಿಂದ ಬರುವ ಯಾತ್ರಿಕರ ಗಂಟಿನಲ್ಲಿ ಒಣ ತಿಂಡಿ ಇರಲೇಬೇಕಾದದ್ದು ಇದರಿಂದ. ದಿಗಂಬರ ಮುನಿಗಳಿಗೆ ಮಾತ್ರ ಈ ತಲೆನೋವಿಲ್ಲ. ಅವರು ದಿನಕ್ಕೊಮ್ಮೆ, ಬೊಗಸೆಯಲ್ಲಿ, ನಿಂತುಕೊಂಡೇ ಆಹಾರ ಸ್ವೀಕರಿಸುತ್ತಾರೆ. ಕಟ್ಟಿಕೊಂಡು ಹೋಗುವ ಮಾತೇ ಇಲ್ಲ.

ಉಡುಪಿಯ ಕಡೆಯ ಮಾಧ್ವರ ಚಾತುರ್ಮಾಸ್ಯ ಇನ್ನೂ ಕಟ್ಟುನಿಟ್ಟು. ಮೊದಲ ತಿಂಗಳು ತರಕಾರಿ ಇಲ್ಲ, ಎರಡನೆಯದರಲ್ಲಿ ಮೊಸರಿಲ್ಲ, ಮೂರನೆಯದರಲ್ಲಿ ಹಾಲಿಲ್ಲ, ನಾಲ್ಕನೆಯದರಲ್ಲಿ ದ್ವಿದಳ ಧಾನ್ಯವಿಲ್ಲ. ಇಷ್ಟೆಲ್ಲ ಬಿಟ್ಟೂ ಹೊಟ್ಟೆ ತುಂಬಿಸಬೇಕೆಂದರೆ ಅಡುಗೆಯವರು ಎಷ್ಟು ತಲೆ ಓಡಿಸಿರಬೇಕು!

ಒಂದು ತಮಾಷೆಯನ್ನು ಇಲ್ಲಿ ಹೇಳಲೇಬೇಕು. ಉತ್ತರ ಕರ್ನಾಟಕದಲ್ಲಿ ಏಕಾದಶಿಗೆ, ಶಿವರಾತ್ರಿಗೆ ಅನೇಕ ಮನೆಗಳಲ್ಲಿ ಸಾಬೂದಾನಿ ಖಿಚಡಿ ಆಗುತ್ತದೆ. ಸಾಬೂದಾನಿ ಅಥವಾ ಸಬ್ಬಕ್ಕಿ ತಯಾರಾಗುವುದು ಮರಗೆಣಸಿನಿಂದ. ತಮಿಳುನಾಡಿನ ಸೇಲಂ ಸುತ್ತ ಆ ಉದ್ಯಮ ಬೆಳೆದದ್ದೇ 1940ರ ದಶಕದಿಂದ ಈಚೆಗೆ. ಮರಗೆಣಸು, ಶೇಂಗಾ, ಆಲೂಗಡ್ಡೆ, ಮೆಣಸಿನಕಾಯಿ ನಾಲ್ಕೂ ಅಮೆರಿಕ ಖಂಡದ ಬೆಳೆಗಳು, ಕೊಲಂಬಸನ ನಂತರವೇ ನಮ್ಮಲ್ಲಿಗೆ ಬಂದವು. ಅನ್ನ ನಿಷಿದ್ಧವಾದ ದಿನ ಈ ಹೊಸ ನೆಂಟರೇ ಕೈಹಿಡಿದರು. ಹಳೆಯ ಶಾಸ್ತ್ರಗಳು ಅವುಗಳ ಹೆಸರನ್ನೇ ಕೇಳಿರಲಿಲ್ಲವಾದ್ದರಿಂದ ನಿಷೇಧಿಸಲು ಅವಕಾಶವೂ ಇರಲಿಲ್ಲವೆಂದು ಕಾಣುತ್ತದೆ.

ಹಡಗಿನ ಡಬ್ಬಿ, ಗಾಡಿಯ ಡಬ್ಬಿ

ಊರು ಬಿಟ್ಟು ದೂರ ಹೊರಟಾಗ ಕಟ್ಟುಪಾಡಿನ ನಿಜವಾದ ಪರೀಕ್ಷೆ. ಇಬ್ಬರ ಪ್ರಯಾಣಗಳನ್ನು ನೆನೆಯೋಣ.

1888ರ ಸೆಪ್ಟೆಂಬರ್ 4ರಂದು ಮೋಹನದಾಸ ಗಾಂಧಿ ಮುಂಬಯಿಯಲ್ಲಿ ಹಡಗು ಹತ್ತಿದಾಗ ವಯಸ್ಸು ಇನ್ನೂ ಹತ್ತೊಂಬತ್ತು ತುಂಬಿರಲಿಲ್ಲ. ಮಾಂಸ ಮುಟ್ಟುವುದಿಲ್ಲವೆಂದು ತಾಯಿಗೆ ಮಾತು ಕೊಟ್ಟಿದ್ದರು. ಆ ಪ್ರತಿಜ್ಞೆ ಮಾಡಿಸಿದವರು ಬೇಚರಜಿ ಸ್ವಾಮಿ ಎಂಬ ಜೈನ ಸಾಧು. ಹಡಗಿನ ಊಟದ ಮೇಜಿನಲ್ಲಿ ಚೂರಿ, ಮುಳ್ಳುಚಮಚ ಹಿಡಿಯಲು ಬಾರದು, ಯಾವ ಪದಾರ್ಥದಲ್ಲಿ ಮಾಂಸವಿಲ್ಲವೆಂದು ಕೇಳಲು ನಾಚಿಕೆ. ಹೀಗಾಗಿ ಆ ಯುವಕ ತನ್ನ ಕೋಣೆಯಲ್ಲೇ ಕುಳಿತು, ಮನೆಯಿಂದ ತಂದ ಮಿಠಾಯಿ ಮತ್ತು ಹಣ್ಣುಗಳಲ್ಲೇ ಬಹುಮಟ್ಟಿಗೆ ದಿನ ತಳ್ಳಿದ ಸಂಗತಿಯನ್ನು ಮುಂದೆ ಆತ್ಮಕಥೆಯಲ್ಲಿ ಬರೆದುಕೊಂಡಿದ್ದಾರೆ. ಬೇರೆ ಊಟ ಬೇಕಾದವನ ಮುಜುಗರ, ಕೇಳಲಾಗದ ಸಂಕೋಚ, ಬಾಗಿಲು ಹಾಕಿಕೊಂಡು ಒಬ್ಬನೇ ತಿನ್ನುವುದು. ಮದುವೆ ಪಂಕ್ತಿಯ ನಮ್ಮ ಹುಡುಗನಿಗೆ ಇದೆಲ್ಲ ಅರ್ಥವಾಗುತ್ತದೆ.

ಎರಡನೆಯ ಪ್ರಯಾಣ 1901ರದು. ಸುಮಾರು ಹತ್ತು ವರ್ಷದ ಭೀಮರಾವ್ ಅಂಬೇಡ್ಕರ್, ಅಣ್ಣ ಮತ್ತು ತೀರಿಹೋದ ಅಕ್ಕನ ಮಕ್ಕಳ ಜೊತೆ, ಬೇಸಿಗೆ ರಜೆಯಲ್ಲಿ ತಂದೆಯಿದ್ದ ಊರಿಗೆ ಹೊರಟರು. ಸಾತಾರಾದಿಂದ ರೈಲು, ಮಸೂರು ನಿಲ್ದಾಣದಿಂದ ಮುಂದೆ ಎತ್ತಿನ ಗಾಡಿ. ಹೊಸ ಬಟ್ಟೆ ತೊಟ್ಟು ಉತ್ಸಾಹದಿಂದ ಇದ್ದ ಮಕ್ಕಳ ಬಳಿ ಬುಟ್ಟಿ ತುಂಬ ತಿಂಡಿಯಿತ್ತು. ಇವರು ಮಹಾರರ ಮಕ್ಕಳೆಂದು ಗೊತ್ತಾದ ಕೂಡಲೇ ನಿಲ್ದಾಣದ ಅಧಿಕಾರಿಯ ಮುಖ ಬದಲಾಯಿತು. ಗಾಡಿಯವನು ಎರಡರಷ್ಟು ಬಾಡಿಗೆ ಪಡೆದೂ ಗಾಡಿಯನ್ನು ಮಕ್ಕಳೇ ಹೊಡೆಯಬೇಕೆಂದ. ದಾರಿಯಲ್ಲಿ ಹಸಿವಾಗಿ ಬುಟ್ಟಿ ಬಿಚ್ಚಿದರು. ಕುಡಿಯಲು ಸಿಕ್ಕಿದ್ದು ದನಗಳ ಸಗಣಿ ಗಂಜಳ ಬೆರೆತ ಕೆಸರು ನೀರು. ರಾತ್ರಿ ಸುಂಕದ ಕಟ್ಟೆಯ ಬಳಿ ತಂಗಿದಾಗ ತಾವು ಮುಸಲ್ಮಾನರೆಂದು ಹೇಳಿಕೊಂಡು ನೀರು ಕೇಳಿದರೂ ಸಿಗಲಿಲ್ಲ. ಪಕ್ಕದಲ್ಲಿ ತಿಂಡಿ ಇಟ್ಟುಕೊಂಡೇ ಮಕ್ಕಳು ಉಪವಾಸ ಮಲಗಿದರು. 'ವೇಟಿಂಗ್ ಫಾರ್ ಎ ವೀಸಾ' ಎಂಬ ಕಿರುಹೊತ್ತಗೆಯಲ್ಲಿ ಅಂಬೇಡ್ಕರ್ ಈ ಪ್ರಸಂಗವನ್ನು ವಿವರವಾಗಿ ಬರೆದಿದ್ದಾರೆ.

ನಮ್ಮ ಮುತ್ತಜ್ಜನ ದಶಮಿಯನ್ನು ಈ ಬುಟ್ಟಿಯ ಪಕ್ಕದಲ್ಲಿಟ್ಟು ನೋಡುವುದು ನನಗೆ ಸುಲಭದ ಕೆಲಸವಲ್ಲ. ಅಜ್ಜಿಯರ ಕೈಗುಣ, ಒಣ ತಿಂಡಿಗಳ ಜಾಣತನ ಎಲ್ಲವೂ ನಿಜ. ಆದರೆ ನೀರು ಸೋಕದ ರೊಟ್ಟಿ ಹುಟ್ಟಿದ ನಿಯಮದಿಂದಲೇ ಆ ರಾತ್ರಿ ನಾಲ್ಕೈದು ಮಕ್ಕಳಿಗೆ ಒಂದು ತಂಬಿಗೆ ನೀರು ತಪ್ಪಿದ್ದು. ಮುತ್ತಜ್ಜ ಡಬ್ಬಿ ಒಯ್ದದ್ದು ಇತರರು ಮುಟ್ಟಿದ್ದನ್ನು ತಿನ್ನಬಾರದೆಂದು. ಒಂಬತ್ತು ವರ್ಷದ ಈ ಹುಡುಗನಿಗೆ ಯಾರು ಮುಟ್ಟಿದರೂ ಅಡ್ಡಿಯಿಲ್ಲ, ಮುಟ್ಟಿದ ಕೈಯಲ್ಲಿ ಗೋಧಿ ಹಿಟ್ಟು ಇರಬಾರದು, ಅಷ್ಟೆ.

1950

ಈ ಕಥೆಯಲ್ಲಿ 1950 ಒಂದು ಸ್ವಾರಸ್ಯದ ವರ್ಷ. ಆ ಜನವರಿ 26ರಂದು ಸಂವಿಧಾನ ಜಾರಿಗೆ ಬಂತು. ಅದರ 17ನೇ ವಿಧಿ ಅಸ್ಪೃಶ್ಯತೆಯನ್ನು ರದ್ದುಮಾಡಿತು. 15ನೇ ವಿಧಿ ಅಂಗಡಿ, ಹೋಟೆಲು, ಬಾವಿ, ಕೆರೆಗಳಲ್ಲಿ ಜಾತಿಯ ಹೆಸರಿನಲ್ಲಿ ಯಾರನ್ನೂ ತಡೆಯುವಂತಿಲ್ಲ ಎಂದಿತು. ಅದೇ ವರ್ಷದ ಅಕ್ಟೋಬರಿನಲ್ಲಿ ಮೈಸೂರಿನ ಚೆಲುವಾಂಬ ವಿಲಾಸದಲ್ಲಿ ಕೇಂದ್ರೀಯ ಆಹಾರ ತಾಂತ್ರಿಕ ಸಂಶೋಧನಾ ಸಂಸ್ಥೆ, ಅಂದರೆ ಸಿ.ಎಫ್.ಟಿ.ಆರ್.ಐ., ಆರಂಭವಾಯಿತು. ರಾಜಕುಮಾರಿಯ ಅರಮನೆಯಲ್ಲಿ ಶೇಂಗಾ ಹಿಟ್ಟಿನ ಪರೀಕ್ಷೆ ನಡೆಯಿತು. ಶೇಂಗಾ ಹಾಗೂ ಕಡಲೆ ಹಿಟ್ಟು ಸೇರಿಸಿ, ಜೀವಸತ್ವಗಳನ್ನು ಬೆರೆಸಿ ಅಪೌಷ್ಟಿಕ ಮಕ್ಕಳಿಗಾಗಿ ಅಲ್ಲಿ ತಯಾರಾದ 'ಬಹೂಪಯೋಗಿ ಆಹಾರ' ನಮ್ಮ ತಂಬಿಟ್ಟಿನ ದಾಯಾದಿಯೇ. 1961ರಲ್ಲಿ ಮೈಸೂರಿಗೆ ರಕ್ಷಣಾ ಆಹಾರ ಸಂಶೋಧನಾಲಯವೂ ಬಂತು. ಗಡಿಯಲ್ಲಿ ಒಲೆ ಹಚ್ಚಲಾಗದ ಸೈನಿಕನಿಗೆ ತಿಂಗಳುಗಟ್ಟಲೆ ಕೆಡದ ಚಪಾತಿ, ಪುಲಾವು, ಉಪ್ಪಿಟ್ಟು ಅಲ್ಲಿ ಸಿದ್ಧವಾದವು. 1984ರ ಏಪ್ರಿಲಿನಲ್ಲಿ ರಾಕೇಶ್ ಶರ್ಮಾ ಬಾಹ್ಯಾಕಾಶಕ್ಕೆ ಒಯ್ದ ಸಜ್ಜಿಗೆಯ ಹಲ್ವಾ ಮೈಸೂರಿನದೇ.

1950ರಲ್ಲಿಯೇ ಹಾಲೆಂಡಿನ ಉಟ್ರೆಕ್ಟ್‌ನಲ್ಲಿ ವಿಲೆಮ್ ಡಿಕ್ಕೆ ಎಂಬ ಮಕ್ಕಳ ವೈದ್ಯರು ತಮ್ಮ ಪ್ರಬಂಧ ಮಂಡಿಸಿದರು. ಸೀಲಿಯಾಕ್ ಇದ್ದ ಮಕ್ಕಳು ಹೊಟ್ಟೆಯುಬ್ಬಿ, ಭೇದಿಯಾಗಿ, ಸೊರಗಿ ಹೋಗುತ್ತಿದ್ದರು. ಅದಕ್ಕೆ ಕಾರಣ ಯಾರಿಗೂ ಸ್ಪಷ್ಟವಿರಲಿಲ್ಲ. 1924ರಿಂದ ಅಮೆರಿಕದಲ್ಲಿ ಸಿಡ್ನಿ ಹಾಸ್ ಎಂಬ ವೈದ್ಯರು ಬಾಳೆಹಣ್ಣಿನ ಪಥ್ಯ ಕೊಟ್ಟು ಗುಣ ಕಂಡಿದ್ದರು. ಬಾಳೆಹಣ್ಣಿನಲ್ಲಿ ಏನೋ ಔಷಧಿಯಿದೆ ಎಂದು ಎಲ್ಲರ ಊಹೆ. ನಿಜದಲ್ಲಿ ಗುಣವಾದದ್ದು ಬ್ರೆಡ್ ಬಿಟ್ಟದ್ದರಿಂದ. ಎರಡನೇ ಮಹಾಯುದ್ಧದ ಕೊನೆಯ ಚಳಿಗಾಲದಲ್ಲಿ, 1944-45ರಲ್ಲಿ, ಹಾಲೆಂಡಿನಲ್ಲಿ ಭೀಕರ ಕ್ಷಾಮ. ಬ್ರೆಡ್ಡೇ ಇಲ್ಲ. ಊರೆಲ್ಲ ಹಸಿದು ಸೊರಗಿದಾಗ ಈ ಮಕ್ಕಳು ಮಾತ್ರ ಚೇತರಿಸಿಕೊಂಡರು, ಬ್ರೆಡ್ ಮತ್ತೆ ಬಂದಾಗ ಮತ್ತೆ ಹಾಸಿಗೆ ಹಿಡಿದರು. ಮೊದಲೇ ಗೋಧಿಯ ಮೇಲೆ ಅನುಮಾನವಿದ್ದ ಡಿಕ್ಕೆಗೆ ಇದು ದಾರಿ ತೋರಿತು. ಗೋಧಿ, ಬಾರ್ಲಿ, ರೈ ಈ ಮೂರನ್ನು ಜೀವನವಿಡೀ ಬಿಡುವುದೇ ಈಗಲೂ ಇದಕ್ಕೆ ಚಿಕಿತ್ಸೆ.

ಇಲ್ಲಿ ನಮ್ಮ ಜೋಳದ ರೊಟ್ಟಿ ಬರುತ್ತದೆ. ಗೋಧಿ ಹಿಟ್ಟು ಎಳೆದರೆ ಹಿಗ್ಗುವ ಜಿಗುಟು ಬರುವುದೇ ಗ್ಲುಟೆನ್‌ನಿಂದ. ಜೋಳದ ಹಿಟ್ಟಿನಲ್ಲಿ ಅದಿಲ್ಲ. ಅದಕ್ಕೇ ಬಿಸಿನೀರು ಹಾಕಿ ನಾದಬೇಕು, ಲಟ್ಟಿಸುವ ಬದಲು ಕೈಯಿಂದ ಬಡಿಯಬೇಕು. ಉತ್ತರ ಕರ್ನಾಟಕದ ಹೆಣ್ಣುಮಕ್ಕಳ ರಟ್ಟೆ ನೋಯಿಸಿದ ಕೊರತೆಯೇ ಈ ಮಗುವಿಗೆ ವರವಾಯಿತು. ರಾಗಿ, ಸಜ್ಜೆ, ನವಣೆ, ಅಕ್ಕಿ ಕೂಡ ಹೀಗೆಯೇ.

ಡಬ್ಬಿಗೆ ಏನು?

ಹಾಗೆಂದು ಅಜ್ಜಿಯ ತಿಂಡಿಯೆಲ್ಲ ಎಲ್ಲ ರೋಗಿಗಳಿಗೂ ಒಳ್ಳೆಯದು ಎಂದು ಬರೆಯುವುದು ಈಗ ಒಂದು ಚಾಳಿಯಾಗಿದೆ. ವಿಶ್ವಸಂಸ್ಥೆ 2023ನ್ನು ಸಿರಿಧಾನ್ಯಗಳ ವರ್ಷವೆಂದು ಸಾರಿದ ಮೇಲಂತೂ ಹೇಳುವುದೇ ಬೇಡ. ಸಕ್ಕರೆ ಕಾಯಿಲೆಯವರಿಗೆ ರಾಗಿ ಎಂದರೆ ಔಷಧಿ ಎಂಬ ನಂಬಿಕೆ ಬೇರೂರಿದೆ. ರಾಗಿಯಲ್ಲಿ ನಾರಿದೆ, 100 ಗ್ರಾಮಿಗೆ ಸುಮಾರು 350 ಮಿಲಿಗ್ರಾಂ ಸುಣ್ಣದ ಅಂಶವಿದೆ, ಎಲ್ಲ ನಿಜ. ಆದರೆ ಯಾವ ಆಹಾರ ರಕ್ತದ ಸಕ್ಕರೆಯನ್ನು ಎಷ್ಟು ಬೇಗ ಏರಿಸುತ್ತದೆ ಎಂಬ ಅಳತೆಯನ್ನು ಕೆನಡಾದ ಡೇವಿಡ್ ಜೆಂಕಿನ್ಸ್ ಮತ್ತು ಸಂಗಡಿಗರು 1981ರಲ್ಲಿ ಮುಂದಿಟ್ಟ ಮೇಲೆ ತಿಳಿದ ಸಂಗತಿಯೆಂದರೆ, ಧಾನ್ಯದ ಹೆಸರಿನಷ್ಟೇ ಅದನ್ನು ಮಾಡಿದ ರೀತಿಯೂ ಮುಖ್ಯ. ನುಣ್ಣಗೆ ಬೀಸಿ ಗಂಜಿ ಮಾಡಿದ್ದು ಬೇಗ ಜೀರ್ಣವಾಗುತ್ತದೆ, ಸಕ್ಕರೆಯೂ ಬೇಗ ಏರುತ್ತದೆ. "ಸಕ್ಕರೆ ಹಾಕಿಲ್ರೀ, ಬೆಲ್ಲ ಅಷ್ಟ" ಎಂದು ಕೊಡುವ ಉಂಡೆಯೂ ಸಕ್ಕರೆಯ ಉಂಡೆಯೇ.

ಇನ್ಸುಲಿನ್ ಬಂದ ಮೇಲೆ ಆದದ್ದು ಇನ್ನೂ ವಿಚಿತ್ರ. 1922ರ ಜನವರಿಯಲ್ಲಿ ಟೊರಾಂಟೊದ ಲಿಯೊನಾರ್ಡ್ ಥಾಂಪ್ಸನ್ ಎಂಬ ಹದಿನಾಲ್ಕರ ಹುಡುಗನಿಗೆ ಮೊದಲ ಚುಚ್ಚುಮದ್ದು ಕೊಡುವವರೆಗೂ ಇಂಥ ಮಕ್ಕಳಿಗೆ ಅರೆಹೊಟ್ಟೆಯ ಪಥ್ಯವೇ ಗತಿ. ಇನ್ಸುಲಿನ್ ಜೀವ ಉಳಿಸಿತು, ಜೊತೆಗೆ ಸಕ್ಕರೆ ದಿಢೀರನೆ ಇಳಿಯುವ ಹೊಸ ಅಪಾಯವನ್ನೂ ತಂದಿತು. ಸಕ್ಕರೆ ತಿನ್ನಬಾರದವನೇ ಜೇಬಿನಲ್ಲಿ ಸಕ್ಕರೆ ಇಟ್ಟುಕೊಂಡು ತಿರುಗಬೇಕಾಯಿತು! ಬೆವರಿ, ಕೈ ನಡುಗಿದಾಗ ಸುಮಾರು 15 ಗ್ರಾಂ ಸಕ್ಕರೆ ಅಥವಾ ಗ್ಲೂಕೋಸ್ ತಿಂದು, 15 ನಿಮಿಷ ಬಿಟ್ಟು ಮತ್ತೆ ಪರೀಕ್ಷಿಸುವುದು ವೈದ್ಯರು ಹೇಳುವ ಕ್ರಮ. ಆ ಹೊತ್ತಿನಲ್ಲಿ ಶೇಂಗಾ ಉಂಡೆ ಕೊಟ್ಟರೆ ಎಣ್ಣೆಯಂಶದಿಂದ ತಡವಾಗುತ್ತದೆ. ಅದೇ ಶೇಂಗಾ ಬೇರೆ ಹೊತ್ತಿನಲ್ಲಿ ಉತ್ತಮ. ಬರಿಯ ಅವಲಕ್ಕಿ ತಿಂದರೆ ಬೇಗ ಹಸಿವು. ಧಾರವಾಡದ ಹಚ್ಚಿದ ಅವಲಕ್ಕಿಯಲ್ಲಿ ಶೇಂಗಾ, ಪುಟಾಣಿ, ಒಣಕೊಬ್ಬರಿ ಬೀಳುವುದರಿಂದ ಹೊಟ್ಟೆ ತುಂಬಿದ್ದು ಹೊತ್ತಿನ ತನಕ ಉಳಿಯುತ್ತದೆ. ಮೂತ್ರಪಿಂಡದ ಕಾಯಿಲೆಯವರು ಮಾತ್ರ ಶೇಂಗಾಕ್ಕೆ ವೈದ್ಯರನ್ನು ಕೇಳಬೇಕು. ಶೇಂಗಾ ಅಲರ್ಜಿ ಇರುವ ಮಗುವಿಗೆ ಒಂದು ಚೂರೂ ಪ್ರಾಣಾಪಾಯ.

ಮಾವಶಿ ಕಲಿತ ಪಾಠಗಳು ಪುಸ್ತಕದಲ್ಲಿ ಸಿಗುವಂಥವಲ್ಲ. ಜೋಳ ಶುದ್ಧವೇ, ಆದರೆ ಊರ ಗಿರಣಿಯಲ್ಲಿ ಅದಕ್ಕೆ ಮುಂಚೆ ಗೋಧಿ ಬೀಸಿದ್ದರೆ ಹಿಟ್ಟಿನಲ್ಲಿ ಗೋಧಿ ಸೇರುತ್ತದೆ. ನಮ್ಮ ದೇಶದ ನಿಯಮದಲ್ಲಿ 'ಗ್ಲುಟೆನ್ ರಹಿತ' ಎನ್ನಲು ಕಿಲೋಗೆ 20 ಮಿಲಿಗ್ರಾಂ ಮೀರಬಾರದು, ಗಿರಣಿಯ ಕಲ್ಲಿನಲ್ಲಿ ಉಳಿದ ಹಿಟ್ಟೇ ಅದನ್ನು ದಾಟಿಸೀತು. ಹೀಗಾಗಿ ಮಾವಶಿ ಮನೆಗೇ ಸಣ್ಣ ಬೀಸುವ ಯಂತ್ರ ತಂದರು. ಕಾವಲಿ ಬೇರೆ, ಲಟ್ಟಣಿಗೆ ಬೇರೆ, ಕರಿಯುವ ಎಣ್ಣೆ ಬೇರೆ. ಹೊರಗಿನಿಂದ ನೋಡಿದವರಿಗೆ ಮಡಿಯಂತೆ ಕಾಣದೆ ಇನ್ನೇನು? ಎಷ್ಟು ಮಾಡಿದರೂ ಹುಡುಗನಿಗೆ ನಡುನಡುವೆ ಹೊಟ್ಟೆ ಕೆಡುತ್ತಲೇ ಇತ್ತು. ಕೊನೆಗೆ ಸಿಕ್ಕಿಬಿದ್ದದ್ದು ಇಂಗು. ಅಂಗಡಿಯಲ್ಲಿ ಸಿಗುವ ಕೂಟಿಂಗಿನಲ್ಲಿ ಗಟ್ಟಿಯಾಗಲೆಂದು ಗೋಧಿ ಅಥವಾ ಮೈದಾ ಹಿಟ್ಟು ಬೆರೆಸುವುದು ರೂಢಿ. ಡಬ್ಬಿಯ ಮೇಲೆ ಸಣ್ಣ ಅಕ್ಷರದಲ್ಲಿ ಬರೆದಿರುತ್ತದೆ. ಚಟ್ನಿಪುಡಿಯ ಒಗ್ಗರಣೆಗೆ ಬಿದ್ದ ಒಂದು ಚಿಟಿಕೆ ಎಲ್ಲ ಶ್ರಮವನ್ನೂ ಕೆಡಿಸುತ್ತಿತ್ತು.

ಮದುವೆಯಾಗಿ ಒಂದು ತಿಂಗಳಾದ ಮೇಲೆ ಪಂಕ್ತಿಯಲ್ಲಿ ನಗೆಯಾಡಿದ್ದ ಅಜ್ಜಿ ಮಾವಶಿಗೆ ಫೋನು ಮಾಡಿದರು. ಯಾರೋ ಅವರಿಗೆ ಕಾಯಿಲೆಯ ವಿಷಯ ಹೇಳಿದ್ದರಂತೆ. ಆ ದಿನದ ಮಾತನ್ನು ಅವರು ಎತ್ತಲಿಲ್ಲ. "ದೀಪಾವಳಿಗೆ ಬರ್ರಿ. ಚಕ್ಕುಲಿ ಹೊಸಾ ಎಣ್ಣಿಯೊಳಗ ಕರೀತೇನಿ, ಗಿರಣಿಗೆ ಕೊಡೂದಿಲ್ಲ, ಬೀಸೂಕಲ್ಲು ಇಳಿಸೇನಿ" ಎಂದರು. ಆಮೇಲೆ ಸ್ವಲ್ಪ ಸುಮ್ಮನಿದ್ದು ಕೇಳಿದರು: "ಅಲ್ಲವಾ, ಇಂಗಿನ್ಯಾಗ ಗೋಧಿ ಇರ್ತದಂತಲ್ಲ, ಖರೇನ ಏನು? ಹಂಗಾದ್ರ ನಾ ಇಷ್ಟು ವರ್ಷ ಏಕಾದಶಿಗೆ ಏನ್ ತಿಂದೆ?"